ಬುಟ್ಟಿಯಲ್ಲಿಟ್ಟ ಹಾರ್ಮೋನಿಯಂ

ಆದಿವಾಲ
6 ಅಕ್ಟೋಬರ್ 2025

ಮಂಜಣ್ಣನಿಗೆ ಕೆಂಚಣ್ಣ ಬರೆಯುವುದು.

ಕ್ಷೇಮ ಸಮಾಚಾರ ಆಮೇಲೆ. ಮೊದಲು ನಿನ್ನ ಕಂಪ್ಯೂಟರಿನ ತಕರಾರು ಕೇಳು. ನಿನ್ನದು ಅಂತಲೇ ಹೇಳುತ್ತೇನೆ. ಹಿರಿಯೂರಿನ ನಿನ್ನ ಟೈಪಿಂಗ್ ಅಂಗಡಿ ಮುಚ್ಚಿದಾಗ, ನಾಲ್ಕು ದಿನ ನಮ್ಮ ಮನೆಯಲ್ಲಿರಲಿ ಅಂತ ತಂದು ಇಳಿಸಿದವನು ನೀನು. ಆ ನಾಲ್ಕು ದಿನ ಏಳು ವರ್ಷವಾಯಿತು. ನಡುಮನೆಯ ಮೂಲೆಯಲ್ಲಿ ಶೇಂಗಾ ಮೂಟೆಯ ಪಕ್ಕ ಕೂತಿದೆ. ನಮ್ಮ ಮನೆಯವಳು ಏಕಾಂತಮ್ಮ ದಿನಾ ಅದರ ಮೇಲಿನ ದೂಳು ಒರೆಸುತ್ತಾಳೆ, ದಿನಾ ನನ್ನನ್ನು ಬೈಯುತ್ತಾಳೆ.

ಈಗ ಅದಕ್ಕೆ ಹೊಟ್ಟೆಯುಬ್ಬರ. ಹಾಕಿದ್ದು ಅರ್ಧಕ್ಕೇ ನಿಲ್ಲುತ್ತದೆ. ಗಾಜಿನ ಮೂಲೆಯಲ್ಲಿ ಒಂದು ಚೀಟಿ ಏಳುತ್ತದೆ. ಐದನೇ ಕ್ಲಾಸಿಗೇ ಶಾಲೆ ಬಿಟ್ಟು ಕುರಿ ಹಿಂದೆ ಹೋದವನಿಗೆ ಇಂಗ್ಲಿಷ್ ಚೀಟಿ ಏನು ಹೇಳೀತು? ಅಂಚೆ ಕಚೇರಿ ನೋಡಿಕೊಳ್ಳುವ ಯಮುನಾ ಬಂದು ಓದಿದಳು. "ಜಾಗ ಇಲ್ಲ ಅಂತೈತೆ ಕೆಂಚಣ್ಣ. ಒಳಗೆಲ್ಲ ತುಂಬೋಗೈತಂತೆ" ಅಂದಳು.

ಹಿರಿಯೂರಿನಿಂದ ಒಬ್ಬ ರಿಪೇರಿಯವನನ್ನು ಕರೆಸಿದೆ. ಕೂತವನು ಕಾಫಿ ಕುಡಿದು, "ಯಜಮಾನ್ರೇ, ಇದನ್ನ ಗುಜರಿಗೆ ಹಾಕ್ರಿ. ಇಲ್ಲಾಂದ್ರೆ ಪೂರ್ತಿ ಅಳಿಸಿ ಹೊಸದಾಗಿ ಹಾಕ್ಕೊಡ್ತೀನಿ" ಅಂದ.

"ಒಳಗಿರೋದು?" ಅಂದೆ.

"ಹೋಗ್ತೈತೆ."

"ಹಂಗಾದ್ರೆ ನೀನೂ ಹೋಗು" ಅಂದೆ.

ಒಳಗೆ ನನಗೆ ಬೇಕಾದ್ದಿದೆ. ಏನು ಅಂತ ಕೇಳಬೇಡ. ಅದು ಹೋಗಬಾರದು. ಹೊಟ್ಟೆ ಹಗುರಾಗಬೇಕು, ಅದು ಉಳಿಯಬೇಕು, ಇಷ್ಟೇ ಕೆಲಸ. ಅದನ್ನು ಹೇಗೆ ಮಾಡಬೇಕು ಅಂತ ಬರೆದು ಕಳಿಸು. ಶಿವರಾತ್ರಿಗೆ ಊರಲ್ಲಿ ನಾಟಕ ಆಡುತ್ತಿದ್ದೇವೆ, ರಾಜನ ಪಾರ್ಟು ನನ್ನದೇ. ಅಷ್ಟರೊಳಗೆ ಅದು ನೆಟ್ಟಗಾಗಬೇಕು.

ಫೋನ್ ಮಾಡದೆ ಕಾಗದ ಯಾಕೆ ಅಂದುಕೊಳ್ಳುತ್ತೀಯ. ನನ್ನ ತಂಗಿ ತಿಪ್ಪಕ್ಕ ಹೋದ ತಿಂಗಳು ಹೊಸದುರ್ಗದ ಸಂತೆಯಲ್ಲಿ ನಿನ್ನನ್ನು ನೋಡಿದಳಂತೆ. ಮೂರು ಸಲ ಕೂಗಿದರೂ ನೀನು ತಿರುಗಲಿಲ್ಲವಂತೆ. ಸೊಕ್ಕು ಅಂದುಕೊಂಡಳು. ಆಮೇಲೆ ಸೊಪ್ಪು ಮಾರುವವಳು ಹೇಳಿದಳಂತೆ, ಅವರಿಗೆ ಎರಡೂ ಕಿವಿ ಹೋಗಿದೆ ಅಂತ.

ಹೌದೋ ಅಲ್ಲವೋ ಬರೆ. ಆ ರಾತ್ರಿಯ ವಿಷಯ ನಾನು ಎತ್ತುವುದಿಲ್ಲ. ನೀನೂ ಎತ್ತಬೇಡ.

ಇಂತಿ,
ಕೆಂಚಣ್ಣ


ಹೊಸದುರ್ಗ
13 ಅಕ್ಟೋಬರ್ 2025

ಶ್ರೀ ಕೆಂಚಣ್ಣನವರಿಗೆ,

ನಿಮ್ಮ ಪತ್ರ ತಲುಪಿತು. ತಿಪ್ಪಕ್ಕ ಹೇಳಿದ್ದು ನಿಜ. ಎಡಗಿವಿ ಮೊದಲು ಹೋಯಿತು, ಬಲಗಿವಿ ಹೋದ ವರ್ಷ. ಸೊಕ್ಕಲ್ಲ ಎಂದು ಅವಳಿಗೆ ತಿಳಿಸಿ. ತಾಲ್ಲೂಕು ಕಚೇರಿಯ ಎದುರು ಒಂದು ಅಂಗಡಿಯಲ್ಲಿ ಅರ್ಜಿ ಟೈಪ್ ಮಾಡಿಕೊಡುತ್ತೇನೆ. ಬಂದವರು ಹೇಳಬೇಕಾದ್ದನ್ನು ಚೀಟಿಯಲ್ಲಿ ಬರೆದುಕೊಡುತ್ತಾರೆ. ಯಾರೂ ಕೂಗಾಡುವುದಿಲ್ಲ. ಕೂಗಾಡಿದರೂ ನನಗೆ ಗೊತ್ತಾಗುವುದಿಲ್ಲ.

ಕಂಪ್ಯೂಟರಿನ ವಿಷಯ. ನಾಟಕ ಮುಗಿದ ಬೆಳಗ್ಗೆ ಬಣ್ಣದ ಮನೆಯಲ್ಲಿ ಏನೇನು ಬಿದ್ದಿರುತ್ತದೆ ನೆನಪು ಮಾಡಿಕೊಳ್ಳಿ. ಬಣ್ಣ ಒರೆಸಿದ ಬಟ್ಟೆ, ಮೀಸೆಯ ಅಂಟು, ಅರ್ಧ ಕುಡಿದ ಸೋಡಾ. ಆಟಕ್ಕೆ ಬೇಕಿತ್ತು, ಆಟ ಮುಗಿದ ಮೇಲೆ ಬೇಡ. ಕಂಪ್ಯೂಟರೂ ಕೆಲಸ ಮಾಡುವಾಗ ಹಾಗೇ ತಾತ್ಕಾಲಿಕ ಫೈಲುಗಳನ್ನು ಮಾಡಿಕೊಳ್ಳುತ್ತದೆ. ಅವುಗಳಿಗೆ ಟೆಂಪ್ ಎಂದು ಹೆಸರು. ಗುಡಿಸದಿದ್ದರೆ ಬಣ್ಣದ ಮನೆ ತುಂಬಿ ರಂಗದ ಮೇಲೂ ಚೆಲ್ಲುತ್ತದೆ.

ಕೀಲಿಮಣೆಯ ಎಡಮೂಲೆಯಲ್ಲಿ ಕಿಟಕಿಯ ಚಿತ್ರವಿರುವ ಗುಂಡಿ ಇದೆ. ಅದನ್ನು ಒತ್ತಿ ಹಿಡಿದು R ಒತ್ತಿ. ಚಿಕ್ಕ ಬಾಕ್ಸ್ ಬರುತ್ತದೆ. ಅದರಲ್ಲಿ temp ಎಂದು ಟೈಪ್ ಮಾಡಿ, ಹಿಂದೊಂದು ಮುಂದೊಂದು ಶೇಕಡಾ ಗುರುತು ಹಾಕಿ. ಯಮುನಾ ಮಾಡಿಕೊಡಬಹುದು. ತೆರೆದ ಮೇಲೆ ಎಲ್ಲವನ್ನೂ ಆರಿಸಿ, ಶಿಫ್ಟ್ ಹಿಡಿದುಕೊಂಡೇ ಡಿಲೀಟ್ ಒತ್ತಿ. ಕೆಲವು ಹೋಗುವುದಿಲ್ಲ, ಇನ್ನೂ ಬಳಕೆಯಲ್ಲಿವೆ ಎನ್ನುತ್ತದೆ. ಅವುಗಳನ್ನು ಬಿಟ್ಟುಬಿಡಿ.

ಅದರಲ್ಲಿ ಏನು ಕೆಲಸ ಮಾಡುತ್ತೀರಿ ಎಂದು ತಿಳಿದಿದ್ದರೆ ಸರಿಯಾಗಿ ಹೇಳಬಹುದಿತ್ತು.

ವಂದನೆಗಳೊಂದಿಗೆ,
ಮಂಜಣ್ಣ


ಆದಿವಾಲ
27 ಅಕ್ಟೋಬರ್ 2025

ಮಂಜಣ್ಣನಿಗೆ,

"ಕೆಂಚಣ್ಣನವರಿಗೆ" ಅಂತೆ, "ನೀವು" ಅಂತೆ. ನಾನೇನು ತಹಸೀಲ್ದಾರನಾ? ನಿನ್ನ ಕಾಗದವನ್ನು ಏಕಾಂತಮ್ಮನಿಗೆ ಓದಿ ಹೇಳಿದೆ. "ನಿಮಗೆ ಇನ್ನೇನು ಬರೀಬೇಕಿತ್ತು, ಮುದ್ದು ಕೆಂಚಣ್ಣ ಅಂತಾನಾ?" ಅಂತ ಕೇಳಿ ಒಳಗೆ ಹೋದಳು.

ನೀನು ಹೇಳಿದ ಹಾಗೇ ಮಾಡಿದೆವು. ಗುಂಡಿ ಒತ್ತಿದ್ದು ನಾನು, ಓದಿದ್ದು ಯಮುನಾ. ಅಬ್ಬಾ, ಆ ಕಸವೇ! ಸಾಲು ಸಾಲು. ಏಳು ವರ್ಷದ್ದು ಒಂದರ ಕೆಳಗೆ ಒಂದು. "ಇದೇನ್ ಕೆಂಚಣ್ಣ, ನಿಮ್ಮ ಮನೆ ತಿಪ್ಪೇನಾದ್ರೂ ವರ್ಷಕ್ಕೊಂದ್ಸಲ ಎತ್ತಿ ಹಾಕ್ತೀರಿ" ಅಂದಳು. ಒಟ್ಟಿಗೆ ಆರಿಸಿ ಒತ್ತಿದೆ. ಹೋದವು. ಮೂರೋ ನಾಲ್ಕೋ ಹೋಗಲಿಲ್ಲ. ಏನಂತೆ ಅಂದೆ. "ಇನ್ನೂ ಉಪಯೋಗದಲ್ಲಿ ಅವೆ, ತೆಗೆಯಕ್ಕಾಗಲ್ಲ ಅಂತೈತೆ." ಬಿಡು, ಇರಲಿ, ಅಂದೆ. ಯಾಕೋ ಅವುಗಳ ಮೇಲೆ ಗೌರವ ಬಂತು.

ಎಂಟು ದಿನ ಚೆನ್ನಾಗಿ ಓಡಿತು. ಒಂಬತ್ತನೇ ದಿನ ಮತ್ತೆ ಅದೇ ಚೀಟಿ. ಇದೆಂಥ ವೈದ್ಯ ನಿನ್ನದು? ಎಂಟು ದಿನಕ್ಕೊಮ್ಮೆ ಭೇದಿ ಕೊಡಬೇಕಾ ಇದಕ್ಕೆ? ನಾಟಕದವರು ಸಂಜೆ ಬಂದು ನಡುಮನೆಯಲ್ಲಿ ಸಾಲಾಗಿ ಕೂತಿರುತ್ತಾರೆ, ಇದು ಬಾಯಿ ಮುಚ್ಚಿಕೊಂಡು ನಿಂತುಬಿಡುತ್ತದೆ. ಮರ್ಯಾದೆ ಹೋಗುತ್ತದೆ.

ಹಾರ್ಮೋನಿಯಂಗೆ ಹೊಳಲ್ಕೆರೆಯಿಂದ ಒಬ್ಬನನ್ನು ಕರೆಸಿದ್ದೆ. ಬೆಕ್ಕಿನ ಮರಿಯಂಥ ಕೀಬೋರ್ಡು ತಂದ. ಒಂದು ಗುಂಡಿ ಒತ್ತಿದರೆ ತಬಲ, ಇನ್ನೊಂದು ಒತ್ತಿದರೆ ಮಳೆ. "ರಾಜ ಅಳುವಾಗ ಮಳೆ ಹಾಕ್ಲಾ ಯಜಮಾನ್ರೇ?" ಅಂತ ಕೇಳಿದ. ಮೂರನೇ ದಿನ ಕಳಿಸಿಬಿಟ್ಟೆ.

ನಿನ್ನ ಹಾರ್ಮೋನಿಯಂ ಪೆಟ್ಟಿಗೆ ಏನು ಮಾಡಿದೆ? ಮಾರಲಿಲ್ಲ ತಾನೇ? ಸುಮ್ಮನೆ ಕೇಳಿದೆ.

ಇಂತಿ,
ಕೆಂಚಣ್ಣ


ಹೊಸದುರ್ಗ
8 ನವೆಂಬರ್ 2025

ಕೆಂಚಣ್ಣನವರಿಗೆ,

ತಡವಾಯಿತು. ನನ್ನ ಹೆಂಡತಿ ವೀರಮ್ಮನಿಗೆ ಜ್ವರ ಬಂದಿತ್ತು, ಮನೆಯ ಕೆಲಸವೂ ನನ್ನದೇ ಆಗಿತ್ತು. ಅವಳು ಮಲಗಿದಲ್ಲಿಂದ ಕರೆದರೂ ನನಗೆ ಕೇಳುವುದಿಲ್ಲವಲ್ಲ, ಅವಳ ಕೈಗೂ ನನ್ನ ಕೈಗೂ ಒಂದು ದಾರ ಕಟ್ಟಿಕೊಂಡಿದ್ದೆವು. ಎಳೆದರೆ ನೀರು ಎಂದರ್ಥ.

ಮತ್ತೆ ತುಂಬಿದ್ದಕ್ಕೆ ಕಾರಣ ಇರಬೇಕು. ನಿಮ್ಮಲ್ಲಿ ಕರೆಂಟು ನಡುವೆ ಹೋಗುತ್ತದಲ್ಲವೇ? ಕೆಲವು ತಂತ್ರಾಂಶಗಳು ತೆರೆದ ಫೈಲಿನ ಒಂದು ನಕಲನ್ನು ಟೆಂಪಿನಲ್ಲಿ ಮಾಡಿಕೊಳ್ಳುತ್ತವೆ. ಸರಿಯಾಗಿ ಮುಚ್ಚಿದರೆ ಆ ನಕಲನ್ನು ಅವೇ ತೆಗೆಯುತ್ತವೆ. ಕರೆಂಟು ಹೋದರೆ ಅದು ಅಲ್ಲೇ ಉಳಿಯುತ್ತದೆ. ದಿನಕ್ಕೊಂದರಂತೆ ಸೇರುತ್ತದೆ.

ಈ ಸಲ ಇನ್ನೂ ಪಕ್ಕಾ ಮಾಡೋಣ. ಡಿಸ್ಕ್ ಕ್ಲೀನಪ್ ಎಂಬುದನ್ನು ಯಮುನಾ ಹುಡುಕಿಕೊಡಲಿ. C ಎಂಬ ಭಾಗವನ್ನು ಆರಿಸಿದರೆ ಉದ್ದ ಪಟ್ಟಿ ಬರುತ್ತದೆ. ಪ್ರತಿಯೊಂದರ ಎಡಕ್ಕೂ ಒಂದು ಚೌಕ. ಎಲ್ಲಾ ಚೌಕಕ್ಕೂ ಟಿಕ್ ಹಾಕಿ, ಒಂದನ್ನೂ ಬಿಡಬೇಡಿ. ಎಲ್ಲ ಬೇಡದ್ದೇ.

ಆ ಕಂಪ್ಯೂಟರಿನಲ್ಲಿ ನಾನು ನುಡಿಸಿ ಹಿಡಿದಿಟ್ಟ ಮಟ್ಟುಗಳೂ ಇದ್ದವು. ಆ ಶಿವರಾತ್ರಿಯ ಮಾರನೆಯ ದಿನವೇ ನೀವು ಅಳಿಸಿರುತ್ತೀರಿ. ಅಕಸ್ಮಾತ್ ಉಳಿದಿದ್ದರೆ ಅಳಿಸಿಬಿಡಿ. ಒಂದೊಂದೂ ದೊಡ್ಡದು, ಸುಮ್ಮನೆ ಜಾಗ ತಿನ್ನುತ್ತವೆ.

ಪೆಟ್ಟಿಗೆ ಮಾರಿಲ್ಲ. ಅಟ್ಟದ ಮೇಲಿದೆ. ಒಮ್ಮೊಮ್ಮೆ ಇಳಿಸಿ ತಿದಿ ಒತ್ತುತ್ತೇನೆ. ಬೆರಳಿಗೆ ನಡುಕ ಸಿಗುತ್ತದೆ. ಸ್ವರ ಸಿಗುವುದಿಲ್ಲ.

ಮಂಜಣ್ಣ


ಆದಿವಾಲ
9 ನವೆಂಬರ್ 2025

ಮಂಜ,

ನಿನ್ನ ಉತ್ತರ ಬರಲಿಲ್ಲ. ಹದಿಮೂರು ದಿನ ಆಯಿತು. ನಾನು ಒರಟಾಗಿ ಬರೆದೆ ಅಂತ ಏಕಾಂತಮ್ಮ ಹೇಳುತ್ತಾಳೆ. ನಾನು ಯಾವತ್ತು ನುಣ್ಣಗೆ ಬರೆದಿದ್ದೆ? ಆದರೂ ಇವತ್ತು ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತೇನೆ. ಆಮೇಲೆ ನಿನ್ನಿಷ್ಟ.

ಕಂಪ್ಯೂಟರಿನೊಳಗೆ ಇರುವುದು ನಿನ್ನ ಹಾರ್ಮೋನಿಯಂ. ಅಂಗಡಿ ಮುಚ್ಚಿದ ವರ್ಷ ನಮ್ಮ ನಡುಮನೆಯಲ್ಲಿ ಕೂತು, ಅಭ್ಯಾಸಕ್ಕೆ ಇರಲಿ ಅಂತ ನುಡಿಸಿಟ್ಟೆಯಲ್ಲ, ಆ ಹತ್ತೊಂಬತ್ತು ಮಟ್ಟು. ಕೆಲವದರಲ್ಲಿ ನಾನೂ ಹಾಡಿದ್ದೇನೆ. ಬೇರೆ ಯಾರ ಪೆಟ್ಟಿಗೆಗೂ ನನ್ನ ಬಾಯಿ ತೆರೆಯುವುದಿಲ್ಲ. ಆರೂವರೆ ವರ್ಷದಿಂದ ಈ ಊರಿನ ಎಲ್ಲ ನಾಟಕಕ್ಕೂ ಅಭ್ಯಾಸ ನಡೆದದ್ದು ಆ ಹತ್ತೊಂಬತ್ತರ ಮೇಲೇ. ನಾಟಕ ಇಲ್ಲದ ದಿನವೂ ಸಂಜೆ ಒಂದನ್ನು ಹಾಕಿಕೊಂಡು ಕೂರುತ್ತೇನೆ. ಇವತ್ತು ಯಾವುದು ಅಂತ ಏಕಾಂತಮ್ಮ ಕೇಳುತ್ತಾಳೆ, ಸಾರು ಯಾವುದು ಅಂತ ಕೇಳುವ ಹಾಗೆ.

ಒಂದು ಸಲ ಪಕ್ಕದ ಮನೆಯ ಚಂದ್ರು ಏನೋ ಅರ್ಜಿ ನೋಡಲು ಕೂತು, ಗಾಜಿನ ಮೇಲಿದ್ದ ನಾಟಕದ ಫೋಟೋಗಳನ್ನೆಲ್ಲ ಕೈತಪ್ಪಿ ಕಳೆದ. ಅವತ್ತಿನಿಂದ ನಾನು ನಿನ್ನ ಮಟ್ಟುಗಳನ್ನು ಬಯಲಲ್ಲಿ ಬಿಡುವುದಿಲ್ಲ. ಮೂಲೆಯಲ್ಲಿ ಒಂದು ಬುಟ್ಟಿಯ ಚಿತ್ರ ಇದೆಯಲ್ಲ, ಅದರೊಳಗೆ ಇಟ್ಟಿದ್ದೇನೆ. ನಮ್ಮ ಮನೆಯ ಪದ್ಧತಿ ನಿನಗೆ ಗೊತ್ತು. ನಮ್ಮ ತಾತನ ಕಾಲದಿಂದ ನಾಟಕದ ಕಿರೀಟ, ಗೆಜ್ಜೆ, ಭುಜಕೀರ್ತಿ ಎಲ್ಲ ಬಿದಿರು ಬುಟ್ಟಿಯಲ್ಲೇ. ಆಟ ಮುಗಿದು ಕಿರೀಟ ಬುಟ್ಟಿಗೆ ಸೇರಿದ ಮೇಲೇ ರಾಜ ನೀರು ಕುಡಿಯಬೇಕು. ಹಾಗೇ ಇದೂ. ಸಂಜೆ ಬುಟ್ಟಿ ತೆರೆದು, ಬೇಕಾದ ಮಟ್ಟಿನ ಮೇಲೆ ಎರಡು ಸಲ ಕುಟ್ಟಿ, ನಡುವಿನ ಗುಂಡಿ ಒತ್ತಿದರೆ ಅದು ಆಚೆ ಬಂದು ನಿಲ್ಲುತ್ತದೆ. ಕೇಳಿ ಮುಗಿದ ಮೇಲೆ ಮತ್ತೆ ಎಳೆದು ಬುಟ್ಟಿಗೆ ಹಾಕುತ್ತೇನೆ. ಒಂದು ದಿನವೂ ಮರೆತಿಲ್ಲ.

ಎತ್ತಬಾರದು ಅಂದಿದ್ದನ್ನೂ ಎತ್ತುತ್ತೇನೆ. ಆ ಶಿವರಾತ್ರಿ ರಂಗದ ಮೇಲೆ ಹಾಡು ನಿಲ್ಲಿಸಿ, ಇಡೀ ಊರಿನ ಎದುರು, "ಲೇ ಕಿವುಡಾ, ಯಾವ ಮನೆ ಹಿಡಿದೀಯೋ?" ಅಂತ ಕೂಗಿದೆ. ನಮ್ಮ ಶ್ರುತಿ ಯಾವಾಗಲೂ ಪೆಟ್ಟಿಗೆಯ ಬಿಳಿ ಮನೆಗಳಲ್ಲಿ ನಾಲ್ಕನೆಯದು. ನೀನು ಹಿಡಿದದ್ದು ಒಂದು ಮೆಟ್ಟಿಲು ಕೆಳಗಿನ ಮೂರನೆಯದು. ತಪ್ಪು ನಿನ್ನದೇ, ಅದನ್ನು ಇವತ್ತೂ ಹೇಳುತ್ತೇನೆ. ನೀನು ಪೆಟ್ಟಿಗೆ ಮುಚ್ಚಿ ಎದ್ದು ಹೋದೆ. ತಿಪ್ಪಕ್ಕ ಸಂತೆಯಿಂದ ಬಂದು ಹೇಳಿದ ದಿನ ನಾನು ಊಟ ಮಾಡಲಿಲ್ಲ. ನಿನ್ನ ಕಿವಿ ಆಗಲೇ ಹೋಗುತ್ತಿತ್ತು ಅಂತ ಗೊತ್ತಿದ್ದರೆ ಆ ಮಾತು ಬಿಟ್ಟು ಬೇರೆ ಏನಾದರೂ ಬೈಯುತ್ತಿದ್ದೆ. ಬೈಗುಳಕ್ಕೆ ನನಗೇನು ಬರ?

ಉತ್ತರ ಬರೆ.

ಕೆಂಚಣ್ಣ


ಹೊಸದುರ್ಗ
13 ನವೆಂಬರ್ 2025
ಸ್ಪೀಡ್ ಪೋಸ್ಟ್

ಕೆಂಚಣ್ಣ,

ನಿನ್ನ ಒಂಬತ್ತನೇ ತಾರೀಖಿನ ಕಾಗದ ಈಗ ಕೈಗೆ ಬಂತು. ಕಂಪ್ಯೂಟರ್ ಮುಟ್ಟಬೇಡ. ನಾನು ಎಂಟನೇ ತಾರೀಖು ಬರೆದದ್ದನ್ನು ಮಾಡಬೇಡ. ಆ ಬುಟ್ಟಿ ಇಡುವ ಬುಟ್ಟಿ ಅಲ್ಲ, ಕಸದ ಬುಟ್ಟಿ. ನಾನು ಹೇಳಿದ ಚೌಕಗಳಲ್ಲಿ ಅದರದ್ದೂ ಒಂದಿದೆ.

ಮಾಡಿಬಿಟ್ಟಿದ್ದರೆ ತಕ್ಷಣ ಆರಿಸು. ಮತ್ತೆ ಹಾಕಬೇಡ. ನೋಡಲೂ ಹಾಕಬೇಡ. ಅಳಿಸಿದ್ದು ಕೂಡಲೇ ಹೋಗುವುದಿಲ್ಲ, ಹೆಸರು ಮಾತ್ರ ಹೋಗುತ್ತದೆ. ಅದರ ಜಾಗದ ಮೇಲೆ ಬೇರೆ ಏನಾದರೂ ಬರೆಯುವವರೆಗೂ ಅದು ಅಲ್ಲೇ ಇರುತ್ತದೆ.

ವೀರಮ್ಮನ ಕೈಯಲ್ಲಿ ನಿನ್ನ ನಂಬರಿಗೆ ಫೋನ್ ಮಾಡಿಸಿದೆ. ಯಾರೋ ದಾವಣಗೆರೆಯವನು ಎತ್ತಿ, ಕೆಂಚಣ್ಣ ಯಾರು ಅಂದನಂತೆ. ನಂಬರು ಬದಲಾಯಿಸಿದ್ದೀಯ. ನನಗೆ ಹೇಳಿಲ್ಲ.

ಅಳಿಸಿರುತ್ತೀಯ ಎಂದು ನಾನು ಯಾಕೆ ಅಂದುಕೊಂಡೆನೋ.

ಮಂಜ


ಆದಿವಾಲ
16 ನವೆಂಬರ್ 2025

ಮಂಜ,

ಮುಗಿಯಿತು.

ಎಂಟನೇ ತಾರೀಖಿನ ಕಾಗದ ಹನ್ನೆರಡಕ್ಕೆ ಬಂತು. ಬಂದ ಕೂಡಲೇ ಯಮುನಾಳನ್ನು ಕೂರಿಸಿಕೊಂಡೆ. ಮಟ್ಟು ಉಳಿದಿದ್ದರೆ ಅಳಿಸಿಬಿಡಿ ಅಂತ ನೀನು ಬರೆದದ್ದನ್ನು ಓದಿ ನಕ್ಕೆ. ಇವನಿಗೇನು ಗೊತ್ತು, ಅವು ಬುಟ್ಟಿಯಲ್ಲಿ ಭದ್ರವಾಗಿವೆ ಅಂದುಕೊಂಡೆ. ಪಟ್ಟಿ ಬಂತು. ಯಮುನಾ ಒಂದು ಚೌಕದ ಹತ್ತಿರ ನಿಂತಳು. "ಕೆಂಚಣ್ಣ, ಇದು ರೀಸೈಕಲ್ ಬಿನ್ ಅಂತೈತೆ. ಇದಕ್ಕೂ ಹಾಕ್ಲಾ?"

"ಮಂಜಣ್ಣ ಮೇಷ್ಟ್ರು ಒಂದನ್ನೂ ಬಿಡಬ್ಯಾಡ ಅಂದವ್ರೆ, ಹಾಕು" ಅಂದೆ.

ಅಂದವನು ನಾನೇ. ಅವಳನ್ನು ಬೈಯುವಂತೆಯೂ ಇಲ್ಲ.

ಎರಡು ನಿಮಿಷ ಹಸಿರು ಪಟ್ಟಿ ಓಡಿತು. ಆಮೇಲೆ ಕಂಪ್ಯೂಟರು ಹೊಸ ಎತ್ತಿನ ಹಾಗೆ ಚುರುಕಾಯಿತು. ಖುಷಿಯಲ್ಲಿ, ಇವತ್ತು ಏಳನೇ ಮಟ್ಟು ಕೇಳೋಣ ಅಂತ ಬುಟ್ಟಿ ತೆರೆದೆ.

ಬರಿದು.

ಮುಚ್ಚಿ ತೆರೆದೆ. ಬರಿದು. ಯಮುನಾ ಬಾಯಿಗೆ ಸೆರಗು ಹಿಡಿದುಕೊಂಡಳು. ನನಗೆ ಬಂದ ಸಿಟ್ಟು ಯಾರ ಮೇಲೆ ಅಂತ ಗೊತ್ತಾಗಲಿಲ್ಲ. ಗೋಡೆಯಿಂದ ವೈರನ್ನೇ ಕಿತ್ತು ಬಿಸಾಡಿ, ಕಂಬಳಿ ತಂದು ಅದರ ಮೇಲೆ ಹೊದಿಸಿದೆ. ಅವತ್ತಿನಿಂದ ಯಾರನ್ನೂ ಅದರ ಹತ್ತಿರ ಬಿಟ್ಟಿಲ್ಲ. ನಾಟಕದವರು ಬಂದರು. ಇವತ್ತು ಅಭ್ಯಾಸ ಇಲ್ಲ ಹೋಗ್ರಿ ಅಂದೆ. ನಾಳೆ ಅಂದರು. ನಾಳೆಯೂ ಇಲ್ಲ ಅಂದೆ.

ನಿನ್ನೆ ನಿನ್ನ ಸ್ಪೀಡ್ ಪೋಸ್ಟ್ ಬಂತು. ಯಮುನಾ ಓಡಿಕೊಂಡು ತಂದಳು. ಹಾಕಬೇಡ ಅಂತ ಬರೆದಿದ್ದೀಯ. ನಾನು ಹಾಕಿಲ್ಲ. ಸಿಟ್ಟಿಗೆ ಕಿತ್ತದ್ದು ಕಿತ್ತ ಹಾಗೇ ಇದೆ. ನನ್ನ ಸಿಟ್ಟಿನಿಂದ ಒಂದು ಒಳ್ಳೆಯದು ಆಗಿದ್ದರೆ ಇದೇ ಮೊದಲು ಅಂತ ಏಕಾಂತಮ್ಮ ಅಂದಳು.

ಸಂಜೆ ಆರು ಗಂಟೆಗೆ ಕೈ ಸುಮ್ಮನೆ ಅದರ ಕಡೆ ಹೋಗುತ್ತದೆ. ನಿಜವಾಗಿ ಅಲ್ಲೇ ಇದೆಯಾ? ನೀನು ಬಂದು ತೆಗೆದುಕೊಡು.

ಕೆಂಚಣ್ಣ


ಹೊಸದುರ್ಗ
20 ನವೆಂಬರ್ 2025

ಕೆಂಚಣ್ಣ,

ಇರಬಹುದು. ಎಲ್ಲವೂ ಎಂದು ಹೇಳಲಾರೆ.

ಚಿತ್ರದುರ್ಗದಲ್ಲಿ ದುರ್ಗೇಶ್ ಎಂಬವನು ಇದ್ದಾನೆ. ನನ್ನ ಅಂಗಡಿಯಲ್ಲೇ ಕೆಲಸ ಕಲಿತವನು. ಅಳಿಸಿದ್ದನ್ನು ತೆಗೆಯುವುದು ಅವನಿಗೆ ಗೊತ್ತು. ಬಸ್ ನಿಲ್ದಾಣದ ಹಿಂದಿನ ರಸ್ತೆ, ಮೂರನೇ ಮಳಿಗೆ. ಅವನಿಗೆ ಬರೆದಿದ್ದೇನೆ. ಗಾಜಿನದ್ದು ಬೇಡ, ಕೆಳಗಿನ ಡಬ್ಬ ಮಾತ್ರ ತೆಗೆದುಕೊಂಡು ಹೋಗು. ಕುಲುಕಬಾರದು.

ಸಿಕ್ಕಿದರೂ ಹೆಸರಿರುವುದಿಲ್ಲ, ಬರೀ ನಂಬರು. ಯಾವುದು ಯಾವ ಮಟ್ಟು ಎಂದು ಕೇಳಿ ಹೇಳುವವರು ಬೇಕು. ನೀನು ಕೂರು. ನನ್ನನ್ನು ಬಾ ಎನ್ನುತ್ತೀಯ. ಬಂದು ವೈರು ಜೋಡಿಸಬಹುದು. ಆಮೇಲೆ ಅದು ನುಡಿಯುವಾಗ ನಿಮ್ಮೆಲ್ಲರ ಮುಖ ನೋಡುತ್ತಾ ಕೂರಬೇಕು. ಅದು ನನ್ನಿಂದಾಗದು.

ಒಂದು ಹೇಳಿಬಿಡುತ್ತೇನೆ. ಅವನ್ನು ಅಭ್ಯಾಸಕ್ಕೆ ಎಂದು ನುಡಿಸಿದ್ದಲ್ಲ. ಆಗಲೇ ಎಡಗಿವಿ ಹೋಗಿತ್ತು, ಬಲಗಿವಿಗೂ ಬರುತ್ತದೆ ಎಂದು ಡಾಕ್ಟರು ಹೇಳಿದ್ದರು. ಕೇಳಿಸುವಾಗಲೇ ನುಡಿಸಿ ಎಲ್ಲಾದರೂ ಇಡೋಣ ಅನ್ನಿಸಿತು. ಎಲ್ಲಿಡಲಿ ಎಂದು ಯೋಚಿಸಿದಾಗ ನಿನ್ನ ಮನೆಯೇ ಹೊಳೆಯಿತು. ಕಂಪ್ಯೂಟರನ್ನು ಜಾಗವಿಲ್ಲದೆ ಅಲ್ಲಿ ಬಿಟ್ಟದ್ದಲ್ಲ.

ಏನು ಸಿಕ್ಕಿತು, ಹೇಗಿದೆ ಎಂದು ಬರೆ. ವಿವರವಾಗಿ ಬರೆ.

ಮಂಜ


ಆದಿವಾಲ
1 ಡಿಸೆಂಬರ್ 2025

ಮಂಜ,

ವಿವರವಾಗಿ ಬರೆ ಅಂದೆ. ಕೂತು ಓದು.

ಡಬ್ಬವನ್ನು ಕಂಬಳಿಯಲ್ಲಿ ಸುತ್ತಿ ಹಿರಿಯೂರಿನಲ್ಲಿ ಬಸ್ಸು ಹತ್ತಿದೆ. ತೊಡೆಯ ಮೇಲಿಟ್ಟುಕೊಂಡು ಎರಡೂ ಕೈಯಲ್ಲಿ ತಬ್ಬಿ ಕೂತಿದ್ದೆ. ಕಂಡಕ್ಟರ್ ಬಂದ. "ಏನ್ ಯಜಮಾನ್ರೇ, ಕುರಿಮರೀನಾ? ಮರಿಗೂ ಟಿಕೆಟ್ ತಗಳ್ರಿ."

"ಮರಿ ಅಲ್ಲಪ್ಪ, ಹಾರ್ಮೋನಿಯಂ ಮೇಷ್ಟ್ರು" ಅಂದೆ.

ಅವನು ನನ್ನ ಮುಖ ನೋಡಿ ಮುಂದಿನ ಸೀಟಿಗೆ ಹೋದ.

ದುರ್ಗೇಶ್ ಒಳ್ಳೆಯವನು. ನಿನ್ನ ಕಾಗದ ಮೇಜಿನ ಮೇಲೇ ಇಟ್ಟುಕೊಂಡಿದ್ದ. "ಕುಂತ್ಕಳ್ರಿ, ಹೊತ್ತಾಗ್ತೈತೆ" ಅಂದ. ಡಬ್ಬ ಬಿಚ್ಚಿ ಒಳಗಿನದೊಂದು ಹಲಗೆ ತೆಗೆದು ಇನ್ನೊಂದು ಕಂಪ್ಯೂಟರಿಗೆ ಜೋಡಿಸಿದ. ಬೆಳಗ್ಗೆ ಹನ್ನೊಂದರಿಂದ ಸಂಜೆ ನಾಲ್ಕರವರೆಗೆ ನಾನು ಸ್ಟೂಲ್ ಬಿಟ್ಟು ಏಳಲಿಲ್ಲ. ಒಂದೊಂದೇ ನಂಬರು ಬರತೊಡಗಿತು. ಅವನು ನನ್ನ ಕಿವಿಗೆ ಹೆಡ್‌ಫೋನ್ ಹಾಕಿದ. ಮೊದಲನೆಯದರಲ್ಲಿ ಬರೀ ಕರಕರ. ಎರಡನೆಯದರಲ್ಲೂ ಕರಕರ. ಮೂರನೆಯದು ತಿದಿ ಉಸಿರು ಎಳೆದುಕೊಂಡಿತು, ನಿನ್ನ ಪೆಟ್ಟಿಗೆಯ ಆ ಹಳೇ ಉಬ್ಬಸ, ಎಲ್ಲಿದ್ದರೂ ಗುರುತು ಹಿಡಿಯುತ್ತೇನೆ. ನಾನು ಹೆಡ್‌ಫೋನ್ ತೆಗೆದು ಹೊರಗೆ ಹೋಗಿ ನಿಂತೆ. ದುರ್ಗೇಶ್ ಬಂದು, "ಅದಲ್ವಾ ಯಜಮಾನ್ರೇ?" ಅಂದ. ಅದೇ ಕಣಪ್ಪ, ಒಂದ್ನಿಮಿಷ ತಡಿ, ಅಂದೆ.

ಹತ್ತೊಂಬತ್ತರಲ್ಲಿ ಹದಿಮೂರು ಸಿಕ್ಕಿವೆ. ನಾಲ್ಕು ಹರಿದಿವೆ. ಎರಡು ಇಲ್ಲ. ನಿನಗೆ ಕೇಳುವುದಿಲ್ಲ, ಅದಕ್ಕೆ ಒಂದನ್ನು ಬರೆಯುತ್ತೇನೆ. ಏಳನೆಯದರಲ್ಲಿ, ರಾಜ ರಾಣಿಯನ್ನು ಕಾಡಿಗೆ ಕಳಿಸುವ ಜಾಗದಲ್ಲಿ, ಎರಡನೇ ಸಾಲು ಮುಗಿದ ಮೇಲೆ ನೀನು ಒಂದು ಉಸಿರಿನಷ್ಟು ಹೊತ್ತು ಸುಮ್ಮನಿರುತ್ತೀಯ. ಆಮೇಲೆ ಮೇಲಿನ ಮನೆಗೆ ಒಂದೇ ಬೆರಳು ಮುಟ್ಟಿಸಿ ಹಿಂದಕ್ಕೆ ಬರುತ್ತೀಯ. ಯಾರೋ ಬಾಗಿಲ ತನಕ ಬಂದು ತಟ್ಟದೆ ಹೋದ ಹಾಗೆ. ಅದು ಹಾಗೇ ಇದೆ, ಒಂದಿಷ್ಟೂ ಕೆಟ್ಟಿಲ್ಲ.

ಕೊನೆಗೆ ದುರ್ಗೇಶ್ ಅಂದ, "ಇದೊಂದು ಬ್ಯಾರೆ ಐತೆ. ಬುಟ್ಟೀದಲ್ಲ, ಟೆಂಪ್‌ದು. ರೆಕಾರ್ಡ್ ಮಾಡ್ತಿರುವಾಗ ಕರೆಂಟ್ ಹೋಗಿ ಉಳ್ಕಂಡಿರೋದು. ಬೇಕಾ?"

ಹಾಕು ಅಂದೆ. ನಾನೂ ಯಮುನಾಳೂ ಕಸ ಅಂತ ಮೊದಲೇ ಅಳಿಸಿದ್ದರಲ್ಲಿ ಒಂದು. ನೀನು ಅವತ್ತು ಮಟ್ಟು ಮುಗಿಸಿ ನಿಲ್ಲಿಸುವುದನ್ನು ಮರೆತಿದ್ದೀಯ. ಲೋಟದ ಸದ್ದು. ಆಮೇಲೆ ಏಕಾಂತಮ್ಮ.

"ಕಾಫಿ ತಗಳಪ್ಪ ಮಂಜಣ್ಣ. ಅವರು ಬೀಡಿ ಸೇದಕ್ಕೆ ಹೋದ್ರು."

"ಅತ್ತಿಗೆ, ಒಂದು ಮಾತು. ಕೆಂಚಣ್ಣನ ಗಂಟಲು ನಾಲ್ಕಕ್ಕೆ ಹತ್ತುತಾ ಇಲ್ಲ. ಕತ್ತಿನ ನರ ಎಂಗೆ ಉಬ್ತಾವೆ ನೋಡಿದ್ರಾ?"

"ನೀನೇ ಹೇಳು ಅವರಿಗೆ."

"ಹೇಳಿದ್ರೆ ಪೆಟ್ಟಿಗೆ ಸಮೇತ ನನ್ನ ಬೀದಿಗೆ ಎಸೀತಾನೆ. ಆಟದ ದಿನ ನಾನೇ ಸುಮ್ನೆ ಮೂರಕ್ಕೆ ಇಳಿಸ್ಕಂತೀನಿ. ಜನಕ್ಕೆ ಗೊತ್ತಾಗಲ್ಲ. ಅವನಿಗೂ ಗೊತ್ತಾಗಬಾರ್ದು."

"ಸಕ್ಕರೆ ಸಾಕಾ?"

"ಆಂ?"

"ಸಕ್ಕರೆ, ಸಕ್ಕರೆ."

"ಆಂ?"

ಅಷ್ಟೇ. ಕರೆಂಟು ಹೋಗಿದೆ.

ಮೂರು ಸಲ ಹಾಕಿಸಿದೆ. ಮೂರನೇ ಸಲಕ್ಕೆ ನಿನ್ನ ಆ "ಆಂ" ಮಾತ್ರ ಕೇಳಿಸಿತು. ಆ ಮನೆಯಲ್ಲಿ ಅವತ್ತು ನಾವು ಮೂವರಿದ್ದೆವು. ನನ್ನ ಗಂಟಲು ನೀನು ಕೇಳಿಸಿಕೊಂಡೆ. ನಿನ್ನ ಕಿವಿಯನ್ನು ನಾವಿಬ್ಬರೂ ಕಾಣಲಿಲ್ಲ.

ಮನೆಗೆ ಬಂದು ಏಕಾಂತಮ್ಮನನ್ನು ಕೇಳಿದೆ. ನಿನಗೆ ಗೊತ್ತಿತ್ತಲ್ಲ, ಇಷ್ಟು ವರ್ಷ ಯಾಕೆ ಹೇಳಲಿಲ್ಲ ಅಂದೆ. "ಮಾರನೇ ದಿನ ಹೇಳಕ್ಕೆ ಬಂದೆ, ನೀನು ತಟ್ಟೆ ಎಸೆದೆ. ಮತ್ತೊಂದ್ಸಲ ಬಂದೆ, ಆ ಹೆಸರು ಎತ್ತಬ್ಯಾಡ ಅಂದೆ. ಆಮೇಲೆ ದಿನಾ ಸಂಜೆ ಅವನ ಪೆಟ್ಟಿಗೆ ಹಾಕ್ಕಂಡು ಕಣ್ಣು ಮುಚ್ಚಿ ಕುಂತ್ಕಳ್ತಿದ್ದೆ. ನಿನಗೆ ಯಾವಾಗ ಹೇಳ್ಲಿ?" ಅಂದಳು. ಅವಳು ನನ್ನನ್ನು ಏಕವಚನದಲ್ಲಿ ಅಂದದ್ದು ಮದುವೆಯಾದ ಮೇಲೆ ಇದೇ ಮೊದಲು.

ತಪ್ಪು ನಿನ್ನದು ಅಂತ ಹೋದ ತಿಂಗಳು ಬರೆದಿದ್ದೆನಲ್ಲ, ಆ ಸಾಲು ಹೊಡೆದುಹಾಕು. ಹೆಸರನ್ನಷ್ಟೇ ಅಳಿಸಿ ಬಿಡಬೇಡ, ಪೂರ್ತಿ ಅಳಿಸು.

ಮಟ್ಟುಗಳನ್ನು ದುರ್ಗೇಶ್ D ಅನ್ನುವ ಇನ್ನೊಂದು ಕೋಣೆಯಲ್ಲಿ ಇಟ್ಟಿದ್ದಾನೆ. ಒಂದು ಪೆನ್‌ಡ್ರೈವಿನಲ್ಲೂ ಹಾಕಿಕೊಟ್ಟ. ಅದನ್ನು ಬಿದಿರು ಬುಟ್ಟಿಯಲ್ಲಿ ಕಿರೀಟದ ಪಕ್ಕ ಇಟ್ಟಿದ್ದೇನೆ. ಕಂಪ್ಯೂಟರಿನ ಬುಟ್ಟಿಯನ್ನು ನಾನು ಇನ್ನು ಮುಟ್ಟುವುದಿಲ್ಲ.

ಶಿವರಾತ್ರಿ ಫೆಬ್ರವರಿ ಹದಿನೈದಕ್ಕೆ. ಕಂಪ್ಯೂಟರ್ ಹಾಕಿಕೊಂಡು ನಾಟಕ ಆಡಲಾರೆ. ಶ್ರುತಿ ಬಿಳಿ ಮೂರು ಅಂತ ಎಲ್ಲರಿಗೂ ಹೇಳಿದ್ದೇನೆ. ಯಾಕೆ ಅಂದರು. ನನ್ನ ಗಂಟಲು ಹತ್ತುವುದಿಲ್ಲ, ಅದಕ್ಕೆ, ಅಂದೆ. ಯಾರೂ ನಗಲಿಲ್ಲ.

ಹದಿಮೂರೂ ನಿನ್ನ ಬೆರಳಿನಲ್ಲಿವೆ, ಕಿವಿಯಲ್ಲಲ್ಲ. ಎಲ್ಲಿ ನಿಲ್ಲಬೇಕು ಅಂತ ಅನುಮಾನ ಬಂದರೆ ನನ್ನ ಕತ್ತಿನ ನರ ನೋಡು. ಅದನ್ನು ನೋಡಿ ಅಭ್ಯಾಸ ಇರುವವನು ನೀನೊಬ್ಬನೇ. ಏಕಾಂತಮ್ಮ ದಾರ ತೆಗೆದಿಟ್ಟಿದ್ದಾಳೆ. ಬೇಕಾದರೆ ನನ್ನ ಕಾಲಿಗೂ ನಿನ್ನ ಕಾಲಿಗೂ ಕಟ್ಟಿಕೊಳ್ಳೋಣ.

ಬರುವುದಿಲ್ಲ ಅಂದರೆ ಅದನ್ನೂ ಬರೆ. ಬೆಳಗ್ಗೆ ಟಪಾಲಿನ ಚೀಲ ಬರುವ ಹೊತ್ತಿಗೆ ನಾನೇ ಅಂಚೆ ಕಚೇರಿಯ ಕಟ್ಟೆಯ ಮೇಲೆ ಹೋಗಿ ಕೂರುತ್ತೇನೆ. ನಾನು ಕೇಳುವ ಮೊದಲೇ, "ಇವತ್ತು ಇಲ್ಲ ಕೆಂಚಣ್ಣ" ಅಂತ ಯಮುನಾ ಹೇಳುತ್ತಾಳೆ.

ಬಂದರೆ, ಪೆಟ್ಟಿಗೆಯನ್ನು ಬಸ್ಸಿನ ಮೇಲೆ ಹಾಕಿಸಬೇಡ. ತೊಡೆಯ ಮೇಲಿಟ್ಟುಕೊಂಡು ಬಾ.

ಕೆಂಚ